ಸಂಜೆಯ ಲೋಟಕ್ಕೆ ಯಾವುದು? ಮೂರು ಚಹಾ, ಎರಡು ಹಣ್ಣಿನ ಕಷಾಯ

ಸಂಜೆ ಆರಕ್ಕೆ ಹಾಲಿನ ಚಹಾ ಕುಡಿದರೆ ರಾತ್ರಿ ಹನ್ನೆರಡಾದರೂ ನನಗೆ ಕಣ್ಣು ಹತ್ತುವುದಿಲ್ಲ. ಬಿಡೋಣ ಅಂದರೆ ಆ ಹೊತ್ತಿಗೆ ಕೈಯಲ್ಲೊಂದು ಬಿಸಿ ಲೋಟ ಇರಲೇಬೇಕು. ಹಾಗಾಗಿ ಮೂರು ವಾರ ಐದು ಬಗೆ ಕುಡಿದು ನೋಡಿದೆ: ಅಸ್ಸಾಮಿನ ಸಿಟಿಸಿ (ಕಾಳು ಕಾಳಾದ ಚಹಾಪುಡಿ), ಡಾರ್ಜಿಲಿಂಗಿನ ಫಸ್ಟ್ ಫ್ಲಶ್ (ವಸಂತದ ಮೊದಲ ಕೊಯ್ಲಿನ ಎಲೆ), ನೀಲಗಿರಿಯ ಎಲೆ ಚಹಾ, ಅಂಗಡಿಯ ‘ಫ್ರೂಟ್ ಟೀ’ ಚೀಲ, ಶಿರಸಿಯ ಅಜ್ಜಿ ಮನೆಯ ಮುರುಗಲು (ಕೋಕಂ) ಹಣ್ಣಿನ ಒಣ ಸಿಪ್ಪೆ. ಚಹಾಪುಡಿಗೆಲ್ಲ ಒಂದೇ ಅಳತೆ, 100 ಮಿಲಿ ನೀರಿಗೆ 2 ಗ್ರಾಂ. ರುಚಿ ನೋಡುವವರ ಅಂತರರಾಷ್ಟ್ರೀಯ ಲೆಕ್ಕವೂ ಇದೇ. ಅವರು 6 ನಿಮಿಷ ನೆನೆಸುತ್ತಾರೆ. ಸುಮ್ನೆ ಕುಡಿಯೋಕೆ ಅದು ಜಾಸ್ತಿ ಕಹಿ, ನಾನು ಮೂರಕ್ಕೇ ಸೋಸಿದೆ.

ಒಂದು ಮಾತು ಮೊದಲೇ ಹೇಳಬೇಕು. ಕಪ್ಪು, ಹಸಿರು, ಬಿಳಿ ಅಂತ ಎಷ್ಟು ಹೆಸರಿದ್ದರೂ ಚಹಾ ಬರುವುದು ಒಂದೇ ಜಾತಿಯ ಗಿಡದಿಂದ. ಎಲೆಯನ್ನು ಬಾಡಿಸುವ, ಒಣಗಿಸುವ ರೀತಿ ಬೇರೆ, ಅಷ್ಟೇ. ಹಣ್ಣಿನ ಕಷಾಯದಲ್ಲಿ ಆ ಎಲೆಯೇ ಇಲ್ಲ. ಎಲೆ ಇಲ್ಲದ ಮೇಲೆ ಕೆಫೀನೂ ಇಲ್ಲ. ನನ್ನ ನಿದ್ದೆಯ ಪ್ರಶ್ನೆಗೆ ಇದೇ ಮುಖ್ಯ.

ಅಸ್ಸಾಂ ಚಹಾದ ಕತೆ ಹೇಳುವವರು 1823ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್ ಅಲ್ಲಿ ಚಹಾ ಗಿಡ ಕಂಡದ್ದರಿಂದ ಶುರು ಮಾಡುತ್ತಾರೆ. ಆತನಿಗೆ ಮೊದಲೇ ಅಲ್ಲಿನ ಸಿಂಗ್‌ಫೋ ಜನ ಅದನ್ನು ಕುಡಿಯುತ್ತಿದ್ದರು. ಅವರ ಹೆಸರು ಮೊದಲು ಬರಬೇಕು ಅಂತ ನನಗನ್ನಿಸುತ್ತದೆ. ಸಿಟಿಸಿ ಯಂತ್ರ ಬಂದದ್ದು 1930ರ ದಶಕದಲ್ಲಿ. ಅದು ಎಲೆಯನ್ನು ಜಜ್ಜಿ, ಹರಿದು, ಸಣ್ಣ ಕಾಳು ಮಾಡುತ್ತದೆ. ಬಿಸಿನೀರಿಗೆ ಬಿದ್ದ ಕೂಡಲೇ ಬಣ್ಣ ಬಿಡುವುದು ಅದಕ್ಕೇ. ಹಾಲು, ಶುಂಠಿ ಹಾಕಿದರೆ ಇದಕ್ಕೆ ಸಾಟಿಯಿಲ್ಲ. ಹಾಲಿಲ್ಲದೆ ಕುಡಿದರೆ ನಾಲಿಗೆಯೆಲ್ಲ ಒಗರು.

ಡಾರ್ಜಿಲಿಂಗ್ ಚಹಾಕ್ಕೆ 2004ರಲ್ಲಿ ಭೌಗೋಳಿಕ ಗುರುತು (ಜಿಐ, ಊರಿನ ಹೆಸರು ಅಲ್ಲಿನ ಬೆಳೆಗೇ ಮೀಸಲು ಅನ್ನುವ ಮುದ್ರೆ) ಸಿಕ್ಕಿತು, ದೇಶದಲ್ಲೇ ಮೊದಲನೆಯದು. ಮೊದಲ ಸಲ ಕುದಿಯುವ ನೀರು ಸುರಿದೆ, ಪರಿಮಳವೆಲ್ಲ ಹೋಗಿ ಬರೀ ಕಹಿ ಉಳಿಯಿತು. ಮಾರನೇ ದಿನ ನೀರು ಕುದಿಸಿ ಇಳಿಸಿ, ಸ್ವಲ್ಪ ಆರಿದ ಮೇಲೆ ಹಾಕಿದೆ. ತಿಳಿ ಜೇನಿನ ಬಣ್ಣ, ಮೂಗಿಗೆ ಹೂವಿನ ವಾಸನೆ. ನಿಜಕ್ಕೂ ಸೊಗಸು. ಆದರೆ ದಿನಾ ಕುಡಿಯುವ ಬೆಲೆಯಲ್ಲ.

ಹಾಲಿಲ್ಲದ ಚಹಾ ಬೇಕಾದವರಿಗೆ ನಾನು ಹೇಳುವುದು ನೀಲಗಿರಿಯನ್ನೇ. ನೀರು ಸ್ವಲ್ಪ ಜಾಸ್ತಿ ಬಿಸಿಯಾಗಲಿ, ಎರಡು ನಿಮಿಷ ಮರೆತುಬಿಡಿ, ಕೆಡುವುದಿಲ್ಲ. ತಣ್ಣಗಾದರೂ ತಿಳಿಯಾಗಿಯೇ ಇರುತ್ತದೆ, ನಿಂಬೆ ಹಿಂಡಿದರೆ ಇನ್ನೂ ಚೆಂದ. ಅಲ್ಲಿನ ಸಣ್ಣ ಬೆಳೆಗಾರರಲ್ಲಿ ಆ ಬೆಟ್ಟದ ಬಡಗ ಸಮುದಾಯದವರೇ ಬಹಳ. ಅವರ ಮಾತು ಕನ್ನಡಕ್ಕೆ ಎಷ್ಟು ಹತ್ತಿರ ಅಲ್ವಾ! ನನಗೆ ಆ ಪ್ರೀತಿಯೂ ಇದೆ.

ಇನ್ನು ಫ್ರೂಟ್ ಟೀ. ಡಬ್ಬದ ಮೇಲೆ ದೊಡ್ಡ ಸ್ಟ್ರಾಬೆರಿ ಚಿತ್ರ. ಹಿಂದೆ ತಿರುಗಿಸಿ ಓದಿದರೆ ಮೊದಲು ದಾಸವಾಳ, ಆಮೇಲೆ ಸೇಬಿನ ಚೂರು, ಕಾಡುಗುಲಾಬಿ ಕಾಯಿ, ಸ್ಟ್ರಾಬೆರಿ ಕೊನೆಯಲ್ಲಿ. ಜಾಸ್ತಿ ಇರುವುದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ, ಆದ್ದರಿಂದ ಪಟ್ಟಿಯನ್ನೇ ನಂಬಿ. ಈ ದಾಸವಾಳ ಹಿತ್ತಲಿನದಲ್ಲ, ಪುಂಡಿ ಸೊಪ್ಪಿನ ಬಳಗದ ಗಿಡದ ಹೂವಿನ ಬುಡದ ಕೆಂಪು ಹೊದಿಕೆ. ಈಜಿಪ್ಟ್, ಸುಡಾನಿನಲ್ಲಿ ಇದನ್ನೇ ಕರ್ಕಡೆ ಅಂತ ಬಹಳ ಕಾಲದಿಂದ ಕುಡಿಯುತ್ತಾರೆ. ಬಣ್ಣ ಮಾಣಿಕ್ಯದಂತೆ. ಹುಳಿ ಚೆನ್ನಾಗಿದೆ, ಆದರೆ ನುಂಗಿದ ಮೇಲೆ ಬಾಯಲ್ಲಿ ಉಳಿಯುವುದು ಹಾಕಿದ ಸುವಾಸನೆ ಮಾತ್ರ. ಹಾಲು ಬೆರೆಸಬೇಡಿ, ಒಡೆಯುತ್ತದೆ.

ಮುರುಗಲಿಗೆ ಬಂದಾಗ ನನ್ನ ಹುಡುಕಾಟ ನಿಂತಿತು. ದಕ್ಷಿಣ ಕನ್ನಡದವರು ಪುನರ್ಪುಳಿ ಅನ್ನುತ್ತಾರಲ್ಲ, ಅದೇ. ಬೇಸಿಗೆಯಲ್ಲಿ ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಬಿಸಿಲಿಗೆ ಒಣಹಾಕುತ್ತಾರೆ. ಒಣಗಿದ್ದು ಕರಿ ಚರ್ಮದಂತೆ ಮುದುಡಿರುತ್ತದೆ, ಕಂಡರೆ ಬಣ್ಣವಿದೆ ಅಂತಲೇ ಅನ್ನಿಸದು. ಲೋಟಕ್ಕೆ ನಾಲ್ಕು ಚೂರು ಹಾಕಿ ಬಿಸಿನೀರು ಎರೆದೆ. ಅರೆ ನಿಮಿಷದಲ್ಲಿ ಸಿಪ್ಪೆಯ ಅಂಚಿನಿಂದ ಕೆಂಪು ಎಳೆ ಎಳೆಯಾಗಿ ಇಳಿಯತೊಡಗಿತು. ಹತ್ತು ನಿಮಿಷ ಮುಚ್ಚಿಟ್ಟು, ಚೂರು ಬೆಲ್ಲ, ಎರಡು ಕಾಳು ಜೀರಿಗೆ ಹಾಕಿ ಕುಡಿದೆ. ಹುಳಿ ಇದೆ, ಆದರೆ ಹಲ್ಲು ಚುಳ್ಳೆನ್ನುವುದಿಲ್ಲ. ಹಣ್ಣಿನ ಘಮ ನಿಜವಾದದ್ದು. ಆ ವಾರ ಹತ್ತೂವರೆಗೇ ಮಲಗಿದೆ.

ಕೊಳ್ಳುವಾಗ ಉಪ್ಪು ಹಾಕದ ಸಿಪ್ಪೆಯೇ ಕೇಳಿ. ಸಾರು ಮಾಡಲು ಅಂತ ಮಾರುವುದರಲ್ಲಿ ಕೆಲವು ಸಲ ಉಪ್ಪು ಹಾಕಿರುತ್ತಾರೆ, ಕಷಾಯಕ್ಕೆ ಅದು ಸೇರುವುದಿಲ್ಲ. ಹೊಟ್ಟೆ ಉರಿ ಇರುವವರು ಎರಡೇ ಚೂರು ಹಾಕಿಕೊಳ್ಳಿ. ಬೆಳಗಿನ ಲೋಟ ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಅಸ್ಸಾಮಿನದೇ. ಸಂಜೆ ಮನೆಗೆ ಯಾರಾದರೂ ಬಂದರೆ, ಅಜ್ಜಿ ಕೇಳುವ ಹಾಗೆ, “ಆಸರಿಗೆ ಎಂತ ಬೇಕು?” ಅಂತ ಕೇಳಿ ಮುರುಗಲಿನ ಡಬ್ಬ ತೆಗೆಯುತ್ತೇನೆ.