ದಕ್ಕೆ (ಮೀನು ಬಂದರು) ಹತ್ರ ಹೊಳೆ ಏಡಿ ಮಾರುವ ಅಕ್ಕನ ಬುಟ್ಟಿ: 5ಕ್ಕೆ 4.5

ಇದು ಸುಕ್ಕಕ್ಕೆ ಏಡಿ ತಗೊಳ್ಳುವವರಿಗೆ ಬರೆದ ರಿವ್ಯೂ ಅಲ್ಲ ಮಾರಾಯ್ರೆ. ನನ್ನದು ನ್ಯೂರೋಸೈನ್ಸ್ ಕೆಲಸ, ನನಗೆ ಬೇಕಾದ್ದು ಏಡಿ ಹೊಟ್ಟೆಯ ಮೇಲ್ಗಡೆ, ಹೃದಯದಿಂದ ಮುಂದಕ್ಕೆ ಹೋಗುವ ರಕ್ತನಾಳದ ಒಳಗೆ ಕೂತಿರುವ ಒಂದು ನರದ ಗಂಟು, ಸ್ಟೊಮ್ಯಾಟೋಗ್ಯಾಸ್ಟ್ರಿಕ್ ಗ್ಯಾಂಗ್ಲಿಯಾನ್. ಅಮೆರಿಕದಲ್ಲಿ ಈವ್ ಮಾರ್ಡರ್ ಅವರ ಲ್ಯಾಬ್ ಜೋನಾ ಅನ್ನುವ ಕಡಲೇಡಿಯಲ್ಲಿ ದಶಕಗಳಿಂದ ಓದ್ತಾ ಇರುವುದು ಇದನ್ನೇ, ಅದರಲ್ಲಿ ಇರುವುದು ಬರೀ 26ರ ಹತ್ತಿರ ನ್ಯೂರಾನ್. ಅಷ್ಟೇ ಸೆಲ್ ಸೇರಿ ಹೊಟ್ಟೆಯೊಳಗಿನ ಹಲ್ಲು ಯಾವಾಗ ಅರೆಯಬೇಕು, ಅರೆದದ್ದು ಯಾವಾಗ ಸೋಸಿ ಮುಂದೆ ಹೋಗಬೇಕು ಅಂತ ತಾಳ ಹಾಕ್ತವೆ, ಹೊರಗೆ ತೆಗೆದು ತಣ್ಣನೆ ಸಲೈನ್‌ನಲ್ಲಿ (ಉಪ್ಪು ದ್ರಾವಣ) ಇಟ್ಟರೂ ಮೇಲಿನ ಬೇರೆ ನರದ ಗಂಟುಗಳ ಸಂಪರ್ಕ ಉಳಿದಿದ್ರೆ ಆ ತಾಳ ಗಂಟೆಗಟ್ಟಲೆ ನಿಲ್ಲುವುದಿಲ್ಲ. ಮೊದಲ ಸಲ ಸ್ಕ್ರೀನ್‌ನಲ್ಲಿ ಅದನ್ನು ನೋಡಿದ ದಿನ ಖುಷಿಯಲ್ಲಿ ನನಗೆ ಊಟವೂ ಬೇಡ ಅನಿಸಿತ್ತು.

ಆದ್ರೆ ಏಡಿ ಅರೆಜೀವ ಆಗಿದ್ರೆ ಎಂತ ಮಾಡಿದ್ರೂ ಆ ತಾಳ ಸಿಗುವುದಿಲ್ಲ. ಮೊದಲು ಬೇರೆ ಕಡೆ ತಗೊಳ್ತಿದ್ದೆ, ಅವರು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿಸಿ ಕೊಡ್ತಿದ್ರು, ನಿಂತ ನೀರಲ್ಲಿ ಉಸಿರು ಕಟ್ಟಿ ಲ್ಯಾಬ್‌ಗೆ ಬರುವಾಗ ಎರಡು ಸತ್ತಿರ್ತಿತ್ತು. ಈ ಅಕ್ಕ ನೀರೇ ಹಾಕುವುದಿಲ್ಲ. ಒದ್ದೆ ಗೋಣಿ, ಅಷ್ಟೇ, ಕಿವಿರು ಒಣಗದಿದ್ರೆ ಸಾಕು ಅಂತಾರೆ. ಕೊಂಬು (ಕಚ್ಚುವ ದೊಡ್ಡ ಕಾಲು) ಕಟ್ಟುವುದೂ ಕಾಲು ಮುರಿಯದ ಹಾಗೆ.

ಎಲ್ಲಕ್ಕಿಂತ ದೊಡ್ಡದು ಅವರ ಬೆರಳು. ಪ್ರತಿಯೊಂದನ್ನೂ ಮಗುಚಿ ಕಾಲಿನ ಬುಡದ ಹತ್ರ ಎದೆ ಒತ್ತಿ ನೋಡ್ತಾರೆ, ಬಗ್ಗಿದ್ರೆ ಪೊಳ್ಳು, ಈಗಷ್ಟೇ ಚಿಪ್ಪು ಬಿಟ್ಟದ್ದು ಅಂತ ಪಕ್ಕಕ್ಕೆ ಹಾಕ್ತಾರೆ. ನನಗಂತೂ ಅದು ಬೇಡವೇ ಬೇಡ, ಚಿಪ್ಪು ಬಿಡುವಾಗ ಹೊಟ್ಟೆಯ ಒಳಪದರ, ಹಲ್ಲು ಸಮೇತ ಕಳಚಿ ಹೊಸತು ಬರ್ತದೆ, ಆಗ ಎಲ್ಲ ಮೆತ್ತಗೆ, ಹೊಟ್ಟೆ ಸೀಳಿ ಡಿಶ್‌ನಲ್ಲಿ ಪಿನ್ ಹಾಕಿ ಹರಡುವಾಗ ಹರಿದು ಕೈಗೆ ಬರ್ತದೆ. ಇದನ್ನು ಅವರಿಗೆ ಹೇಳಿದಾಗ "ಡೆಂಜಿಗೆ (ತುಳುವಿನಲ್ಲಿ ಏಡಿ) ಹೊಟ್ಟೆಯಲ್ಲಿ ಹಲ್ಲಾ?" ಅಂತ ಕೇಳಿ ಫೋನ್‌ನಲ್ಲಿ ಫೋಟೋ ನೋಡಿ ಪಕ್ಕದವರಿಗೂ ತೋರಿಸಿದ್ರು.

ಅರ್ಧ ಮಾರ್ಕ್ ಕಮ್ಮಿ ಮಾಡಿದ್ದು ಯಾಕಂದ್ರೆ ಸಣ್ಣ ಸೈಜ್ ಬೇಕಂದ್ರೆ ಕೆಲವು ದಿನ ಸಿಗುವುದಿಲ್ಲ, ಹೋಟೆಲಿನವರು ಬೆಳಿಗ್ಗೆಯೇ ಬುಟ್ಟಿ ಖಾಲಿ ಮಾಡ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟ್ ಬಂದ್ ಇರುವಾಗ ಕಡಲೇಡಿ ಕಾಣುವುದೇ ಅಪರೂಪ, ಆಗಲೂ ಇವರ ಹತ್ರ ಅಳಿವೆ ಕಡೆಯ ಹೊಳೆ ಏಡಿ ಉಂಟು, ರೇಟ್ ಮಾತ್ರ ಏರ್ತದೆ.

ಹೋಗುವುದಾದ್ರೆ ಏಳು ಗಂಟೆ ಒಳಗೆ ಹೋಗಿ, ಗೋಣಿ ನೀವೇ ತಗೊಂಡು ಹೋಗಿ. ಲ್ಯಾಬ್‌ಗೆ ಮುಟ್ಟಿದ ಮೇಲೆ ಕತ್ತರಿ ಹಾಕುವ ಮೊದಲು ಅರ್ಧ ಗಂಟೆಯಾದ್ರೂ ಐಸ್‌ನಲ್ಲಿ ಹೂತು ಇಡಿ, ಪೂರ್ತಿ ಅಲುಗಾಟ ನಿಲ್ಲುವವರೆಗೆ ಕಾಯಿರಿ.