ಸೂಕ್ಷ್ಮ ಚರ್ಮಕ್ಕೆ ಬೆವರು ತಡೆಯುವ ಕ್ರೀಮ್: ಒಂದು ವರ್ಷಕ್ಕೂ ಹೆಚ್ಚು ಬಳಸಿದ ಮೇಲೆ

ನನ್ನ ಕಂಕುಳಿನ ಚರ್ಮಕ್ಕೆ ಯಾವುದೂ ಸುಲಭಕ್ಕೆ ಒಗ್ಗುವುದಿಲ್ಲ. ಪರಿಮಳದ ಸ್ಪ್ರೇ ಹೊಡೆದರೆ ಉರಿ, ರೋಲ್ ಆನ್ ಹಚ್ಚಿದರೆ ಸಂಜೆಗೆ ತುರಿಕೆ. ಬೆವರೋ ಜಾಸ್ತಿ. ಹಾಗಾಗಿ ಸೂಕ್ಷ್ಮ ಚರ್ಮಕ್ಕೆಂದೇ ಮಾಡಿದ, ಪರಿಮಳ ಹಾಕದ ಈ ಕ್ರೀಮ್ ಶುರು ಮಾಡಿದೆ. ವರ್ಷ ದಾಟಿತು, ಈಗಲೂ ಇದನ್ನೇ ಹಚ್ಚುತ್ತಿದ್ದೇನೆ. ಬೆವರು ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಚರ್ಮ ಕೆಂಪಾಗುವುದಿಲ್ಲ, ಕೆರೆತ ಇಲ್ಲ. ನನಗೆ ಅದೇ ದೊಡ್ಡದು.

ಡಿಯೋಡರೆಂಟ್ ಬೇರೆ, ಇದು ಬೇರೆ. ಬೆವರಿಗೆ ತನ್ನದೇ ವಾಸನೆ ಅಷ್ಟಾಗಿ ಇಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಡಿಯೋಡರೆಂಟ್ ಆ ವಾಸನೆಯನ್ನಷ್ಟೇ ನೋಡಿಕೊಳ್ಳುತ್ತದೆ, ಅಂಗಿ ಒದ್ದೆಯಾಗುವುದು ತಪ್ಪುವುದಿಲ್ಲ. ಬೆವರೇ ಕಡಿಮೆಯಾಗಬೇಕಾದರೆ ಅಲ್ಯೂಮಿನಿಯಂ ಲವಣ ಬೇಕು. ಅದು ಬೆವರಿನ ನಾಳದ ಬಾಯಿಯ ಹತ್ತಿರ ಜೆಲ್ಲಿನಂತೆ ಗಟ್ಟಿಯಾಗಿ, ದಾರಿಯನ್ನು ಸ್ವಲ್ಪ ಕಾಲ ಮುಚ್ಚುತ್ತದೆ. ಚರ್ಮದ ಮೇಲ್ಪದರ ಉದುರುತ್ತಾ ಹೋದಂತೆ ಅದೂ ಹೋಗುತ್ತದೆ.

ಆದರೆ ಯಾವ ಲವಣ ಅನ್ನುವುದರಲ್ಲಿ ತುಂಬಾ ವ್ಯತ್ಯಾಸವಿದೆ. ವಿಪರೀತ ಬೆವರುವವರಿಗೆ ವೈದ್ಯರು ಅಲ್ಯೂಮಿನಿಯಂ ಕ್ಲೋರೈಡ್ ಬರೆದುಕೊಡುತ್ತಾರೆ. ಕೆಲಸದಲ್ಲಿ ಅದು ಗಟ್ಟಿ. ಆದರೆ ಅದು ಒದ್ದೆ ಚರ್ಮಕ್ಕೆ ತಾಗಿದರೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ, ಉರಿ ಬರುವುದು ಅದರಿಂದಲೇ. ಈ ಕ್ರೀಮಿನಲ್ಲಿರುವುದು ಅಲ್ಯೂಮಿನಿಯಂ ಕ್ಲೋರೋಹೈಡ್ರೇಟ್. ಇದರಲ್ಲಿ ಆ ಆಮ್ಲದ ಬಹುಪಾಲನ್ನು ತಯಾರಿಸುವಾಗಲೇ ತಟಸ್ಥ ಮಾಡಿರುತ್ತಾರೆ. ಹಾಗಾಗಿ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 4ರ ಮೇಲೆಯೇ ಇರುತ್ತದೆ, ಚರ್ಮದ ಸಹಜ ಹುಳಿಗೆ ಹತ್ತಿರ. ಶಕ್ತಿ ಸ್ವಲ್ಪ ಕಡಿಮೆ, ಕಾಟವೂ ಕಡಿಮೆ. ಸೂಕ್ಷ್ಮ ಚರ್ಮದವರಿಗೆ ಇದೇ ಸರಿಯಾದ ಆಯ್ಕೆ ಅಂತ ನನ್ನ ಅಭಿಪ್ರಾಯ.

ಲವಣದಷ್ಟೇ ಮುಖ್ಯ ಅದನ್ನು ಹೊತ್ತಿರುವ ಕ್ರೀಮ್. ಅಲ್ಯೂಮಿನಿಯಂ ಲವಣಕ್ಕೆ ಧನ ವಿದ್ಯುದಂಶ ಇರುತ್ತದೆ. ನೀರು, ಎಣ್ಣೆಯನ್ನು ಬೆರೆಸಿ ಹಿಡಿಯುವ ಸೋಪಿನ ಜಾತಿಯ ಎಮಲ್ಸಿಫೈಯರ್‌ಗಳಿಗೆ, ಜೆಲ್ ದಪ್ಪಗಾಗಲು ಹಾಕುವ ಕಾರ್ಬೋಮರ್‌ಗೆ ಋಣ ವಿದ್ಯುದಂಶ. ಎರಡೂ ಸೇರಿದರೆ ಕ್ರೀಮ್ ಒಡೆದು ನೀರು, ಎಣ್ಣೆ ಬೇರೆಯಾಗುತ್ತವೆ. ಸಾಮಾನ್ಯ ಲೋಷನ್‌ಗೆ ಈ ಲವಣ ಕಲಸಿ ಮನೆಯಲ್ಲೇ ಮಾಡಿಕೊಳ್ಳೋಣ ಅನ್ನುವವರು ಇದನ್ನು ನೆನಪಿಡಬೇಕು. ಈ ಕ್ರೀಮಿನ ಪಟ್ಟಿಯಲ್ಲಿ ಎಮಲ್ಸಿಫೈಯರ್ ಆಗಿ ಸ್ಟಿಯರೆತ್-2, ಸ್ಟಿಯರೆತ್-21 ಇವೆ. ಇವಕ್ಕೆ ವಿದ್ಯುದಂಶವೇ ಇಲ್ಲ, ಲವಣದ ಜೊತೆ ಜಗಳವಿಲ್ಲದೆ ಇರುತ್ತವೆ. ಸೀಟಿಯರಿಲ್ ಆಲ್ಕೋಹಾಲ್ ಅನ್ನುವ ಹೆಸರು ನೋಡಿ ಹೆದರಬೇಡಿ. ಸ್ಪ್ರೇಗಳಲ್ಲಿ ಇರುವ, ಗಾಯಕ್ಕೆ ತಾಗಿದರೆ ಚುರುಗುಟ್ಟುವ ಆಲ್ಕೋಹಾಲ್ ಅದಲ್ಲ, ಮೇಣದಂಥ ಮೆದು ಕೊಬ್ಬು. ಜೊತೆಗೆ ತೇವ ಹಿಡಿಯುವ ಗ್ಲಿಸರಿನ್, ಪ್ಯಾಂಥೆನಾಲ್, ಚರ್ಮ ನುಣುಪಾಗಿಸುವ ಡೈಮೆಥಿಕೋನ್ ಸ್ವಲ್ಪ. ಇಲ್ಲಿ ಅಳತೆ ತಪ್ಪಬಾರದು. ಗ್ಲಿಸರಿನ್ ಜಾಸ್ತಿಯಾದರೆ ಅಂಟಂಟು. ಎಣ್ಣೆಯಂಶ ಜಾಸ್ತಿಯಾದರೆ ಲವಣ ನಾಳದವರೆಗೆ ತಲುಪುವುದೇ ಇಲ್ಲ, ಚರ್ಮ ಮೆತ್ತಗಿರುತ್ತದೆ, ಬೆವರೂ ಹರಿಯುತ್ತಿರುತ್ತದೆ. ಇದನ್ನು ಮಾಡಿದವರು ಆ ಅಳತೆಯನ್ನು ಚೆನ್ನಾಗಿ ಹಿಡಿದಿದ್ದಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದರಲ್ಲಿ ಏನಿಲ್ಲ ಅನ್ನುವುದು. ಪರಿಮಳ ಇಲ್ಲ. ಕಂಕುಳಿನಲ್ಲಿ ಅಲರ್ಜಿ ಆದಾಗ ಮೊದಲು ಅನುಮಾನಪಡಬೇಕಾದದ್ದು ಪರಿಮಳವನ್ನೇ. ಪದಾರ್ಥ ಕರಗಿಸಲು ಹಾಕುವ ಪ್ರೊಪಿಲೀನ್ ಗ್ಲೈಕಾಲ್ ಕೂಡ ಇಲ್ಲ, ಅದೂ ಕೆಲವರಿಗೆ ಆಗಿಬರುವುದಿಲ್ಲ. ನೈಸರ್ಗಿಕ ಅನ್ನುವ ಹಣೆಪಟ್ಟಿ ಇದರ ಮೇಲಿಲ್ಲ, ಅದು ನನಗೆ ಬೇಕಾಗಿಯೂ ಇಲ್ಲ. ಆ ಹೆಸರಲ್ಲಿ ಬರುವವುಗಳಲ್ಲಿ ಪರಿಮಳದ ಎಣ್ಣೆ, ಅಡುಗೆ ಸೋಡಾ ಇರುವುದುಂಟು. ಲ್ಯಾವೆಂಡರ್‌ನಂಥ ಎಣ್ಣೆಗಳಲ್ಲಿರುವ ಲಿನಲೂಲ್ ಅನ್ನುವ ಪರಿಮಳದ ಅಂಶ ಗಾಳಿಗೆ ತೆರೆದುಕೊಂಡಾಗ ಅಲರ್ಜಿ ತರುವ ವಸ್ತುವಾಗುತ್ತದೆ. ಅಡುಗೆ ಸೋಡಾದ ಪಿಎಚ್ 8 ದಾಟುತ್ತದೆ, ಕ್ಷಾರ ತಡೆಯದ ಚರ್ಮಕ್ಕೆ ಅದು ದಿನವೂ ಹಚ್ಚುವ ವಸ್ತುವಲ್ಲ. ಅಲ್ಯೂಮಿನಿಯಂ ಬೇಡ ಅಂತ ಪಟಿಕದ ಕಲ್ಲು ಉಜ್ಜಿಕೊಳ್ಳುವವರೂ ಇದ್ದಾರೆ. ಪಟಿಕವೂ ಅಲ್ಯೂಮಿನಿಯಂ ಲವಣವೇ ಅಲ್ವಾ?

ಹಚ್ಚುವ ಹೊತ್ತು ಮುಖ್ಯ. ರಾತ್ರಿ ಮಲಗುವ ಮುಂಚೆ, ಪೂರ್ತಿ ಒಣಗಿದ ಚರ್ಮಕ್ಕೆ, ತೆಳ್ಳಗೆ. ರಾತ್ರಿ ಬೆವರು ಕಡಿಮೆ ಇರುವುದರಿಂದ ಲವಣ ತೊಳೆದು ಹೋಗದೆ ನಾಳದಲ್ಲಿ ಕೂರುತ್ತದೆ. ಬೆಳಿಗ್ಗೆ ಸ್ನಾನ ಮಾಡಿದರೂ ಪರಿಣಾಮ ಉಳಿಯುತ್ತದೆ. ಒಂದೇ ರಾತ್ರಿಗೆ ಏನೂ ಗೊತ್ತಾಗುವುದಿಲ್ಲ, ಕೆಲವು ದಿನ ಬಿಡದೆ ಹಚ್ಚಬೇಕು. ಆಮೇಲೆ ನಾನು ದಿನ ಬಿಟ್ಟು ದಿನ ಹಚ್ಚುತ್ತೇನೆ, ಸಾಕಾಗುತ್ತದೆ. ಕೂದಲು ತೆಗೆದ ದಿನ ಮಾತ್ರ ಹಚ್ಚುವುದೇ ಇಲ್ಲ. ರೇಜರ್ ಬಿಡುವ ಕಣ್ಣಿಗೆ ಕಾಣದ ಗೀರುಗಳಿಗೆ ಎಷ್ಟೇ ಮೃದು ಕ್ರೀಮ್ ಆದರೂ ಉರಿಯುತ್ತದೆ.

ಕೊರತೆಗಳೂ ಇವೆ. ಒಣಗಲು ಹೊತ್ತು ಬೇಕು, ಅವಸರದಲ್ಲಿ ಅಂಗಿ ಹಾಕಿಕೊಂಡರೆ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಬಿಳಿ ಬಟ್ಟೆಯ ಕಂಕುಳಿನಲ್ಲಿ ನಿಧಾನವಾಗಿ ಹಳದಿ ಕಲೆ ಬರುತ್ತದೆ. ಅಲ್ಯೂಮಿನಿಯಂ, ಬೆವರು ಎರಡೂ ಸೇರಿ ಆಗುವ ಕಲೆ ಅದು, ಈ ಕ್ರೀಮಿನ ತಪ್ಪೊಂದೇ ಅಲ್ಲ. ಟ್ಯೂಬಿನ ಬಾಯಲ್ಲಿ ಉಳಿದ ಕ್ರೀಮ್ ಒಣಗಿ ಬಿಳಿ ಹರಳಾಗುತ್ತದೆ. ಒರೆಸದೆ ಹಿಂಡಿದರೆ ಆ ಹರಳು ಚರ್ಮಕ್ಕೆ ಉಜ್ಜಿ ನೋಯುತ್ತದೆ. ಕಡು ಬೇಸಿಗೆಯಲ್ಲಿ, ಗಾಬರಿಯ ದಿನಗಳಲ್ಲಿ ಬೆವರು ಇದನ್ನೂ ಮೀರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮದಲ್ಲಿ ಸರಾಸರಿ 20 ಪ್ರತಿಶತ ಬೆವರು ಕಡಿಮೆ ಮಾಡಿದರೂ ಆಂಟಿಪರ್ಸ್ಪಿರೆಂಟ್, ಅಂದರೆ ಬೆವರು ತಡೆಯುವ ವಸ್ತು, ಅನ್ನಿಸಿಕೊಳ್ಳಬಹುದು. ಅದನ್ನು ನೋಡಿದರೆ ಈ ಗುಂಪಿನ ಯಾವ ವಸ್ತುವಿನಿಂದಲೂ ಪೂರ್ತಿ ಒಣ ಕಂಕುಳು ಕೇಳುವುದು ಸರಿಯಲ್ಲ.

ಸ್ತನ ಕ್ಯಾನ್ಸರ್ ಬರುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ತೋರಿಸುವ ಗಟ್ಟಿ ಪುರಾವೆ ಇಲ್ಲ. ಕಿಡ್ನಿ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಬಳಸಬೇಕು, ಅಲ್ಯೂಮಿನಿಯಂ ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕ.

ಹೊಸದಾಗಿ ಕೊಳ್ಳುವವರು ಮೊದಲು ಮೊಣಕೈ ಮಡಿಕೆಯ ಒಳಭಾಗದಲ್ಲಿ ಒಂದೇ ಜಾಗಕ್ಕೆ ಒಂದು ವಾರ ಹಚ್ಚಿ ನೋಡಿ. ಅಲರ್ಜಿ ಮೊದಲ ದಿನವೇ ಕಾಣಬೇಕೆಂದಿಲ್ಲ. ಗುಳ್ಳೆ, ತುರಿಕೆ ಬಂದರೆ ನಿಲ್ಲಿಸಿ, ಟ್ಯೂಬನ್ನೂ ತೆಗೆದುಕೊಂಡು ಚರ್ಮದ ವೈದ್ಯರ ಹತ್ತಿರ ಹೋಗಿ. ಪದಾರ್ಥಗಳ ಪಟ್ಟಿ ಅವರಿಗೆ ಬೇಕಾಗುತ್ತದೆ.

ತಯಾರಕರಲ್ಲಿ ನನ್ನದೊಂದು ಬೇಡಿಕೆ ಇದೆ. ಅಮೆರಿಕದಲ್ಲಿ ಇಂಥ ಕ್ರೀಮ್ ಔಷಧಿಯ ಲೆಕ್ಕ, ಲವಣ ಪ್ರತಿಶತ ಎಷ್ಟು ಅಂತ ಮೇಲೆಯೇ ಬರೆದಿರುತ್ತಾರೆ. ಈ ಟ್ಯೂಬಿನ ಮೇಲೆ ಹೆಸರಿದೆ, ಪ್ರಮಾಣ ಇಲ್ಲ. ದಯವಿಟ್ಟು ಅದನ್ನೂ ಅಚ್ಚು ಹಾಕಿ. ಬೇರೆ ಕ್ರೀಮಿನಿಂದ ಇದಕ್ಕೆ ಬರುವವರಿಗೆ ಎಷ್ಟು ಮೃದು, ಎಷ್ಟು ಗಟ್ಟಿ ಅಂತ ಅಂದಾಜು ಮಾಡಲು ಆ ಒಂದು ಅಂಕಿ ಬೇಕು.