ಬೀದರಿಗಂತ ಹೊಂಟು ಜಹೀರಾಬಾದ್ ಮುಟ್ಟಿದೆ: ಸಿಮ್ಯುಲೇಟರ್ ರೂಮಿನ ರಿವ್ಯೂ

ಹೋದ ಐತಾರ ಕಲಬುರಗಿಯೊಳಗ ಒಂದು ಫ್ಲೈಟ್ ಸಿಮ್ಯುಲೇಟರ್ ರೂಮಿಗೆ ಹೋಗಿದ್ದೆ, ತಾಸಿಗೆ 1500 ರೂಪಾಯಿ. ಹೆಸರು ಹಾಕಂಗಿಲ್ಲ, ಒಂದು ತಕರಾರು ಅದ. ಸೆಸ್ನಾ 152 ಅನ್ನೋ ಸಣ್ಣ ಕಲಿಕಿ ವಿಮಾನದ ಪ್ಯಾನಲ್, ಎಲ್ಲಾ ಹಳೇ ಕಾಲದ ಗುಂಡನ ಮೀಟರ್, ನನಗಂತೂ ಟಚ್‌ಸ್ಕ್ರೀನಿಗಿಂತ ಇದೇ ಬಾಳ ಚಲೋ ಅನಿಸ್ತು.

ಮ್ಯಾಲ ಗ್ಲಾಸಿನ ಹತ್ರ ಮ್ಯಾಗ್ನೆಟಿಕ್ ಕಂಪಾಸ್, ಅದು ಎಣ್ಣಿಯೊಳಗ ತೇಲ್ತದ, ಒಂದು ಕಡೆ ನಿಲ್ಲಂಗಿಲ್ಲ. ಕೆಳಗ ಹೆಡಿಂಗ್ ಇಂಡಿಕೇಟರ್, ಅಂದ್ರ ವಿಮಾನದ ಮೂಗು ಯಾವ ದಿಕ್ಕಿಗದ ಅಂತ ತೋರಿಸೋ ಮೀಟರ್, ಜೈರೋ (ಜೋರಾಗಿ ತಿರುಗೋ ಗಾಲಿ) ಮ್ಯಾಲ ನಡಿತದ, ಅಲುಗಾಡಂಗಿಲ್ಲ ಖರೇ, ಆದ್ರ ಪಾಪ ಅದಕ್ಕ ಉತ್ತರ ಯಾವ ಕಡೆ ಅಂತ ಗೊತ್ತೇ ಇಲ್ಲ, ನಾವೇ ಕಂಪಾಸ್ ನೋಡಿ ನಾಬ್ ಒಳಗ ಒತ್ತಿ ತಿರುವಿ ಹೇಳಬೇಕು. ಹೇಳಿದ್ರೂ ಜಾರ್ತದ. ಭೂಮಿ ತಿರುಗೋದ್ರಿಂದಾನೇ ನಮ್ಮ 17 ಡಿಗ್ರಿ ಅಕ್ಷಾಂಶದಾಗ ತಾಸಿಗೆ ನಾಕೂವರೆ ಡಿಗ್ರಿ ಹತ್ರ ಫರಕ್ ಬೀಳ್ತದ, ಬೇರಿಂಗಿನ ತಿಕ್ಕಾಟ ಬ್ಯಾರೆ, ಅದಕ್ಕ 10-15 ನಿಮಿಷಕ್ಕೊಮ್ಮೆ ಹೊಂದಿಸ್ಬೇಕು.

ತಕರಾರು ಇಲ್ಲೇ ನೋಡ್ರಿ. ಕೈಗೆ ಕೊಟ್ಟ ಲ್ಯಾಮಿನೇಷನ್ ಹಾಳ್ಯಾಗ "ಕಂಪಾಸ್ ನೋಡಿ ಸೆಟ್ ಮಾಡಿ" ಅಂತಷ್ಟೇ ಇತ್ತು, ಯಾವಾಗ ಅಂತ ಇಲ್ಲ, ಕಲಿಸೋ ಸರ್ ಚಾ ಕುಡಿಲಾಕ ಹೋಗ್ಯಾರ. ಕಲಬುರಗಿ ರನ್‌ವೇ 09, ಅಂದ್ರ ಪೂರ್ವಕ್ಕ 90 ಡಿಗ್ರಿ. ನಾನು ಥ್ರಾಟಲ್ (ಎಂಜಿನ್ ಜೋರು ಮಾಡೋ ಹಿಡಿಕಿ) ಪೂರ್ತಿ ಕೊಟ್ಟ ಮ್ಯಾಲ ನೆನಪಾಗಿ ನೋಡ್ದೆ, ಕಂಪಾಸ್ 75 ತೋರಿಸ್ಲಿಕತ್ತಿತ್ತು, ಹೆಡಿಂಗ್ ಇಂಡಿಕೇಟರನ್ನೂ ಹಂಗೇ ಹೊಂದಿಸ್ದೆ. ಪೂರ್ವಕ್ಕ ಮುಖ ಮಾಡಿ ಸ್ಪೀಡ್ ಏರುವಾಗ ನಮ್ಮ ಉತ್ತರಾರ್ಧದಾಗ ಕಂಪಾಸ್ ಉತ್ತರದ ಕಡೆ ಸುಳ್ಳು ವಾಲ್ತದಂತ, ನನಗೇನ್ ಗೊತ್ತು! ಆಮ್ಯಾಲ ಬೀದರಿಗಂತ 40 ಹಿಡಿದೆ, ಮೀಟರ್ 15 ಡಿಗ್ರಿ ಕಮ್ಮಿ ತೋರಿಸ್ತಿತ್ತಲ್ಲ, ಖರೇ ಹೊಂಟಿದ್ದು 55ಕ್ಕ. ಅರ್ಧ ತಾಸಾದ್ರೂ ಬೀದರ್ ಕೋಟೆ ಕಾಣ್ಲಿಲ್ಲ, ಮ್ಯಾಪ್ ತಗದ್ರ ಬೀದರ್ ಎಡಕ್ಕ 20 ಕಿಲೋಮೀಟರಿನಾಚೆ, ನಾನು ಜಹೀರಾಬಾದ್ ಹತ್ರ. ತೆಲಂಗಾಣಕ್ಕ ಹೋಗಿಬಿಟ್ಟಿದ್ದೆ!

ಸರ್ ಬಂದು ನಕ್ರು. ಆದ್ರ ಅವರು ಹೇಳಿಕೊಟ್ಟ ಹತ್ತು ನಿಮಿಷಕ್ಕೇ ರೊಕ್ಕ ವಸೂಲ್ ಆತು: ರನ್‌ವೇ ಮ್ಯಾಲ ನೆಟ್ಟಗ ನಿಂತು, ಥ್ರಾಟಲ್ ಕೊಡೋಕ್ಕಿಂತ ಮುಂಚೇನೇ ರನ್‌ವೇ ನಂಬರಿಗೆ ತಾಳೆ ನೋಡು ತಮ್ಮಾ, ಮ್ಯಾಲ ಹೋದ್ಮ್ಯಾಲ ರೆಕ್ಕಿ ಸಮ ಇಟ್ಟು, ಸ್ಪೀಡ್ ಒಂದೇ ಹಿಡಿದು, ಕಂಪಾಸ್ ತಣ್ಣಗ ಆದಾಗ ಮಾತ್ರ ನಾಬ್ ಮುಟ್ಟು ಅಂದ್ರು. ವಾಪಸ್ ಬರುವಾಗ ಹಂಗೇ ಮಾಡ್ದೆ, ರನ್‌ವೇ ಎದುರಿಗೇ ಬಂತು.

ಹೋಗೋರು ಸರ್ ಇರೋ ಟೈಮ್ ಕೇಳಿಕೊಂಡೇ ಬುಕ್ ಮಾಡ್ರಿ. ಮತ್ತ ಆ ನಾಬ್ ಸ್ವಲ್ಪ ಸಿಕ್ಕೊಳ್ತದ, ಬಿಟ್ಟ ಮ್ಯಾಲ ಪೂರ್ತಿ ಹೊರಗ ಬಂತೋ ಇಲ್ಲೋ ನೋಡ್ಕೋರಿ.